ಮೊಟ್ಟೆ ಬಿಡು, ಚಿತ್ರ ನೋಡು ಎಂದವರಿಗೆ

ಈ ದೇಶದ ಬಸುರಿ ಹೆಂಗಸರು ಏನು ಓದಬೇಕು ಎಂದು ನಮ್ಮನ್ನಾಳುವವರು ಒಮ್ಮೆ ತೀರ್ಮಾನಿಸಿದರು. 2017ರ ಯೋಗ ದಿನದ ಹೊತ್ತಿಗೆ ಕೇಂದ್ರದ ಆಯುಷ್ ಸಚಿವಾಲಯದ ಕಡೆಯಿಂದ ತಾಯಿ-ಮಗುವಿನ ಆರೈಕೆಯ ಕಿರುಪುಸ್ತಕವೊಂದು ಹೊರಬಂತು. ಅದರಲ್ಲಿ ಬಸುರಿಗೆ ಹೇಳಿದ್ದೇನು? ಮೊಟ್ಟೆ, ಮಾಂಸ ಬಿಡು. ಕಾಮ, ಕ್ರೋಧ, ಮೋಹಗಳಿಂದ ದೂರವಿರು. ಕೆಟ್ಟವರ ಸಹವಾಸ ಮಾಡಬೇಡ. ಮಲಗುವ ಕೋಣೆಯಲ್ಲಿ ಚಂದದ ಚಿತ್ರಗಳನ್ನು ತೂಗುಹಾಕಿಕೋ.

ಅದೇ ಸರ್ಕಾರದ ಇನ್ನೊಂದು ಇಲಾಖೆ ಅದಕ್ಕೂ ಮೊದಲೇ ಮನೆಮನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿ ಬಂದಿತ್ತು. ಈ ದೇಶದ ಬಸುರಿಯರಲ್ಲಿ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಎಂದು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬರೆದಿಟ್ಟಿತ್ತು. 2019-21ರ ಸಮೀಕ್ಷೆಯ ಹೊತ್ತಿಗೆ ಅದು ನೂರಕ್ಕೆ 52ಕ್ಕೆ ಏರಿತು. ಮೈಯಲ್ಲಿ ರಕ್ತವಿಲ್ಲದ ಹೆಂಗಸಿನ ಎದುರು ನಿಂತು, ಅವಳ ತಟ್ಟೆಯಲ್ಲಿ ಅಪರೂಪಕ್ಕೆ ಬೀಳುವ ಒಂದು ಮೊಟ್ಟೆಯನ್ನೂ ಎತ್ತಿಕೊಂಡು, ಗೋಡೆ ನೋಡು ಎನ್ನುತ್ತೀರಲ್ಲ, ನಿಮಗೆ ಮನಸ್ಸಾದರೂ ಹೇಗೆ ಬಂತು? ಒಂದೇ ಕೋಣೆಯಲ್ಲಿ ಒಲೆ, ದನದ ಮೇವು, ಅತ್ತೆ-ಮಾವ, ಮಕ್ಕಳು ಎಲ್ಲರ ನಡುವೆ ಮಲಗುವವಳಿಗೆ ಚಿತ್ರ ತೂಗುಹಾಕಲು ಬೇರೆ ಕೋಣೆ ಎಲ್ಲಿಂದ ಬರಬೇಕು?

ಗದ್ದಲವಾದಾಗ ಇದು ಸಲಹೆ ಮಾತ್ರ, ಕಡ್ಡಾಯವಲ್ಲ ಎಂಬ ಸಮಜಾಯಿಷಿ ಬಂತು. ನನ್ನ ಸಿಟ್ಟು ಆ ಒಂದು ಪುಸ್ತಕದ ಮೇಲಷ್ಟೇ ಅಲ್ಲ, ಅದು ಹುಟ್ಟಿದ ವಂಶದ ಮೇಲೆ. ಹೆಣ್ಣಿಗೆ ಆರೋಗ್ಯದ ಪುಸ್ತಕ ಕೊಡುವವರು ನೂರಾರು ವರ್ಷಗಳಿಂದ ಅವಳ ಕೈಗೆ ಕೊಡುತ್ತಾ ಬಂದಿರುವುದು ಬುದ್ಧಿಮಾತನ್ನೇ. ಅವಳಿಗೆ ಸೇರಬೇಕಾದ ತಿಳಿವಳಿಕೆಯನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ. ಆ ಕಾರಣಕ್ಕೇ ಹೆಂಗಸರು ಸಾಯುತ್ತಿದ್ದಾರೆ, ಸುಮ್ಮನೆ ಗರ್ಭಕೋಶ ಕಳೆದುಕೊಳ್ಳುತ್ತಿದ್ದಾರೆ. ನಾನು ಹೇಳಬೇಕಾಗಿರುವುದು ಇದನ್ನೇ.

ಯಾವುದೇ ದೊಡ್ಡ ಬಸ್‌ ನಿಲ್ದಾಣದ ಪುಸ್ತಕದಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ಅಡುಗೆ ಪುಸ್ತಕ, ವಾಸ್ತು, ಜಾತಕ, ರಂಗೋಲಿ ಇವುಗಳ ಪಕ್ಕದಲ್ಲಿ ಹೆಣ್ಣಿನ ಆರೋಗ್ಯದ ಸಾಲು ಇರುತ್ತದೆ. ಬೆಳ್ಳಗಿನ ಮಗು ಹುಟ್ಟಲು ಏನು ಕುಡಿಯಬೇಕು, ಬುದ್ಧಿವಂತ ಮಗು ಹುಟ್ಟಲು ಯಾವ ಸ್ತೋತ್ರ ಕೇಳಬೇಕು, ಹೆರಿಗೆಯಾದ ಮೇಲೆ ಸೊಂಟ ಮೊದಲಿನಂತಾಗಲು ಏನು ಕಟ್ಟಿಕೊಳ್ಳಬೇಕು, ಗಂಡನ ಮನಸ್ಸು ಬೇರೆ ಕಡೆ ಹೋಗದಂತೆ ಮೈ ಹೇಗಿಟ್ಟುಕೊಳ್ಳಬೇಕು. ಪುಟ ತಿರುವುತ್ತಾ ಹೋದರೆ ಆ ದೇಹ ಅವಳದ್ದು ಎಂಬ ಒಂದು ಸಾಲು ಸಿಗುವುದಿಲ್ಲ. ಗರ್ಭದಲ್ಲಿರುವ ಮಗುವಿಗಾಗಿ, ಕಟ್ಟಿಕೊಂಡ ಗಂಡನಿಗಾಗಿ, ಮನೆತನದ ಮಾನಕ್ಕಾಗಿ ಅವಳು ಆರೋಗ್ಯವಾಗಿರಬೇಕು. ಮಕ್ಕಳಾಗುವುದು ನಿಂತ ಮೇಲೆ ಆ ಪುಸ್ತಕಗಳಿಗೆ ಅವಳ ನೆನಪೇ ಇಲ್ಲ. ನಲವತ್ತೈದು ದಾಟಿದವಳ ಮೈ ಉರಿ, ನಿದ್ದೆಗೇಡು, ಸವೆದ ಮೂಳೆ, ಕೆಮ್ಮಿದರೆ ಜಾರುವ ಮೂತ್ರ ಇವಕ್ಕೆ ಅಲ್ಲಿ ಜಾಗವಿಲ್ಲ. ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವಾಗ ಗರ್ಭಕೋಶ ಕೆಳಗೆ ಜಾರಿದಂತಾಗುವ ಹೆಂಗಸು ಆ ಪುಸ್ತಕ ಬರೆದವರ ಕಣ್ಣಿಗೆ ಬಿದ್ದೇ ಇಲ್ಲ.

ಈಗೀಗ ನಗರದ ಹೊಸ ಪುಸ್ತಕಗಳೂ ಬಂದಿವೆ. ಬೆಳಿಗ್ಗೆ ಐದಕ್ಕೆ ಎದ್ದು ಧ್ಯಾನ ಮಾಡು, ನಿನಗಾಗಿ ಅರ್ಧ ಗಂಟೆ ತೆಗೆದಿಡು, ಬಾದಾಮಿ ನೆನೆಸು. ಬೆಳಿಗ್ಗೆ ಐದಕ್ಕೆ ಗಾರ್ಮೆಂಟ್ ಫ್ಯಾಕ್ಟರಿಯ ಬಸ್ಸು ಹಿಡಿಯಲು ಓಡುವವಳು ಎದ್ದಾಗ ಗಂಟೆ ನಾಲ್ಕು. ಪ್ರೊಡಕ್ಷನ್ ಟಾರ್ಗೆಟ್ ತಪ್ಪುತ್ತದೆಂದು ನೀರು ಕುಡಿಯದೆ, ಮೂತ್ರಕ್ಕೆ ಏಳದೆ ಹೊಲಿಗೆ ಮಷಿನ್ನಿನ ಮುಂದೆ ಕೂರುವವಳಿಗೆ ಉರಿಮೂತ್ರ ಬರುತ್ತದೆ, ಸೋಂಕು ಏರಿದರೆ ಮೂತ್ರಪಿಂಡದವರೆಗೆ ಹೋಗುತ್ತದೆ. ಅವಳ ಆರೋಗ್ಯದ ಮೊದಲ ಪಾಠ ಬಾದಾಮಿಯಲ್ಲಿಲ್ಲ. ಮೇಲ್ವಿಚಾರಕನನ್ನು ಕೇಳದೆ ಎದ್ದು ಹೋಗುವ ಹಕ್ಕಿನಲ್ಲಿದೆ. ಇದನ್ನು ಬರೆಯದ ಪುಸ್ತಕವನ್ನು ಅವಳ ಪಾಲಿಗೆ ಆರೋಗ್ಯದ ಪುಸ್ತಕ ಎಂದು ನಾನು ಒಪ್ಪುವುದಿಲ್ಲ.

ರಕ್ತದ ಮಾತಿಗೇ ಮತ್ತೆ ಬರುತ್ತೇನೆ, ಏಕೆಂದರೆ ಎಲ್ಲದರ ಬುಡ ಅದು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 48 ಜನಕ್ಕೆ ರಕ್ತಹೀನತೆ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು, ಬಸುರಿಗೆ 11. ಇದಕ್ಕಿಂತ ಕೆಳಗಿಳಿದರೆ ಮೆಟ್ಟಿಲು ಹತ್ತುವಾಗ ಏದುಸಿರು, ಕಣ್ಣು ಕತ್ತಲೆ, ಕೂದಲು ಉದುರುವುದು, ಯಾವ ಕೆಲಸಕ್ಕೂ ಕೈಯೇಳದಿರುವುದು. ಮನೆಯಲ್ಲಿ ಇದಕ್ಕಿರುವ ಹೆಸರು ಸೋಮಾರಿತನ. ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣಾಂಶದ ಮಾತ್ರೆ ಪುಕ್ಕಟೆ ಕೊಡುತ್ತಾರೆ, ನಿಜ. ಚಹಾ-ಕಾಫಿ ಜೊತೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣು, ನೆಲ್ಲಿಕಾಯಿಯಂಥ ಹುಳಿ ಜೊತೆಗಿದ್ದರೆ ಹತ್ತುತ್ತದೆ, ಮಲ ಕಪ್ಪಗಾದರೆ ಹೆದರಬೇಕಿಲ್ಲ, ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಬಹುದು. ಇಷ್ಟನ್ನು ಹೇಳಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಸಿಗದೆ ಎಷ್ಟೋ ಮಾತ್ರೆಯ ಪಟ್ಟಿಗಳು ಮನೆಯ ಗೂಡಿನಲ್ಲಿ ಹಾಗೇ ಬಿದ್ದಿವೆ. ಅದಕ್ಕೂ ಮೇಲಿನ ಪ್ರಶ್ನೆಯನ್ನು ಯಾವ ಮಾತ್ರೆಯ ಚೀಟಿಯೂ ಕೇಳುವುದಿಲ್ಲ: ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಸಾರಿನ ತಳದ ಬರೀ ನೀರು ಯಾರ ತಟ್ಟೆಗೆ?

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಮಠಾಧೀಶರು ಬೀದಿಗೆ ಬಂದರು. ಬೆಳೆಯುವ ಹುಡುಗಿಯ ಹೊಟ್ಟೆಗೆ ಹೋಗುವ ಮೊಟ್ಟೆ ಧರ್ಮಕ್ಕೆ ಅಪಾಯವಾಗಿ ಕಂಡಿತು. ಆಗ ಗಂಗಾವತಿಯ ಒಬ್ಬ ಹುಡುಗಿ ಮೈಕು ಹಿಡಿದು, ಮೊಟ್ಟೆ ಬೇಡವೆನ್ನುವುದಕ್ಕೆ ನೀವ್ಯಾರು, ನಮಗೆ ಒಂದಲ್ಲ ಎರಡು ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಕೂಗಿದಳು. ಹೆಣ್ಣಿನ ಆರೋಗ್ಯದ ಬಗ್ಗೆ ಈ ರಾಜ್ಯದಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಉಪನ್ಯಾಸ ಅದೇ. ಆ ಮಗುವಿಗೆ ಯಾವ ಪುಸ್ತಕ ಅದನ್ನು ಕಲಿಸಿತ್ತು? ಹಸಿವೇ ಕಲಿಸಿತ್ತು.

ಕಲಬುರಗಿಯ ಕಥೆ ಹೇಳದೆ ಮುಂದೆ ಹೋಗಲಾರೆ.

2015ರಲ್ಲಿ ಬಯಲಾದ ಸಂಗತಿ ಇದು. ಜಿಲ್ಲೆಯ ತಾಂಡಾಗಳ, ದಲಿತ ಕೇರಿಗಳ ಹೆಂಗಸರು ಹೊಟ್ಟೆನೋವು, ಸೊಂಟನೋವು, ಬಿಳಿಮುಟ್ಟು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದರು. ಗರ್ಭಕೋಶ ಕಳೆದುಕೊಂಡು ಬಂದರು. ಹೀಗೆ ಬಂದವರು ಎರಡು ಸಾವಿರಕ್ಕೂ ಹೆಚ್ಚು. ಅವರಲ್ಲಿ ನಲವತ್ತು ದಾಟದವರೇ ಎಷ್ಟೋ ಜನ. ಕರ್ನಾಟಕ ಜನಾರೋಗ್ಯ ಚಳವಳಿಯವರು ಮನೆಮನೆ ತಿರುಗಿ ದಾಖಲೆ ಮಾಡಿದರು. ತನಿಖಾ ಸಮಿತಿ ಬಂತು, ವರದಿ ಬಂತು. ನ್ಯಾಯ ಬರಲಿಲ್ಲವೆಂದು 2017ರಲ್ಲಿ ಆ ಹೆಂಗಸರೇ ಕಲಬುರಗಿಯ ಬೀದಿಗೆ ಇಳಿಯಬೇಕಾಯಿತು.

ಆ ಸೀಮೆಯ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಚೀಲದಿಂದ ತನ್ನ ಸ್ಕ್ಯಾನಿಂಗ್ ಕಾಗದ ತೆಗೆದು ನನ್ನ ಮುಂದೆ ಹರವಿದ್ದಳು. ಮಡಚಿ ಮಡಚಿ ಮಡಿಕೆಯಲ್ಲೇ ಹರಿದಿತ್ತು. ಮೇಲೆ ಕರಿ-ಬಿಳಿಯ ಮಸುಕು ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಎರಡೇ ಪದ: ಬಲ್ಕಿ ಯುಟರಸ್. "ನಿನ್ನ ಗರ್ಭಚೀಲ ಬಾತುಬಿಟ್ಟದ, ತೆಗಿಸಲಿಲ್ಲಂದ್ರ ಕ್ಯಾನ್ಸರ್ ಆಗ್ತದ ಅಂದ್ರು ಯಕ್ಕಾ. ಸಣ್ಣ ಮಕ್ಕಳು ಇದ್ದವು. ಎಮ್ಮಿ ಮಾರಿ ರೊಕ್ಕ ಕಟ್ಟೀವಿ." ಆ ಎರಡು ಪದಗಳು ಹೇಳುವುದಿಷ್ಟೆ: ಗರ್ಭಕೋಶ ಸಾಮಾನ್ಯ ಅಳತೆಗಿಂತ ಕೊಂಚ ದೊಡ್ಡದಾಗಿ ಕಾಣುತ್ತಿದೆ. ಮೂರು ನಾಲ್ಕು ಹೆತ್ತವಳ ಗರ್ಭಕೋಶ ಹಾಗೆ ಕಾಣುವುದರಲ್ಲಿ ವಿಶೇಷವೇನೂ ಇಲ್ಲ. ಅದೊಂದು ಕಾಯಿಲೆಯ ಹೆಸರಲ್ಲ, ಕ್ಯಾನ್ಸರಂತೂ ಅಲ್ಲವೇ ಅಲ್ಲ. ಬಿಳಿಮುಟ್ಟು ವಾಸನೆಯಿಂದ, ತುರಿಕೆಯಿಂದ, ಹಳದಿ-ಹಸಿರು ಬಣ್ಣದಿಂದ ಕೂಡಿದ್ದರೆ ಬಹುಪಾಲು ಅದು ಸೋಂಕು. ಮಾತ್ರೆಗಳಲ್ಲಿ ವಾಸಿಯಾಗುತ್ತದೆ, ಕೆಲವು ಸೋಂಕುಗಳಲ್ಲಿ ಗಂಡನೂ ಮಾತ್ರೆ ನುಂಗಬೇಕು. ಅತಿಯಾಗಿ ಮುಟ್ಟು ಹೋಗುತ್ತಿದ್ದರೆ ರಕ್ತ ಕಡಿಮೆ ಮಾಡುವ ಮಾತ್ರೆಗಳಿವೆ, ಹಾರ್ಮೋನು ಇರುವ ವಂಕಿ ಇದೆ, ಗಡ್ಡೆಯಿದ್ದರೆ ಎಷ್ಟೋ ಸಲ ಗಡ್ಡೆಯನ್ನಷ್ಟೇ ತೆಗೆಯಬಹುದು. ಕ್ಯಾನ್ಸರಿನ ಅನುಮಾನವಿದ್ದರೆ ಒಳಗಿನ ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿ ಖಚಿತ ಮಾಡಿಕೊಳ್ಳಬೇಕು. ಇವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಬರಬೇಕಾದದ್ದು ಗರ್ಭಕೋಶ ತೆಗೆಯುವ ಮಾತು.

ಜೊತೆಗೆ ಅಂಡಾಶಯಗಳನ್ನೂ ತೆಗೆದುಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಐವತ್ತರ ಸುಮಾರಿಗೆ ನಿಲ್ಲಬೇಕಾದ ಮುಟ್ಟು ಒಂದೇ ಏಟಿಗೆ ನಿಲ್ಲುತ್ತದೆ, ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ಕೂಲಿಯೇ ಬದುಕಾಗಿರುವವಳ ಮೂಳೆ ಸವೆದರೆ ಆ ಮನೆಯ ಒಲೆ ಹೇಗೆ ಹೊತ್ತಬೇಕು? ಯಾವ ಪರೀಕ್ಷೆ ಮಾಡದೆ, ಯಾವ ಮಾತ್ರೆ ಕೊಟ್ಟು ನೋಡದೆ, ಎಮ್ಮೆ ಮಾರಿಸಿ ಹೊಟ್ಟೆ ಕೊಯ್ದವರಿಗೆ ಈ ಎಲ್ಲ ಪುಸ್ತಕ ಜ್ಞಾನ ಇತ್ತು. ಅವಳಿಗೆ ಇರಲಿಲ್ಲ. ಅವರು ಮಾರಿಕೊಂಡದ್ದು ಈ ಅಂತರವನ್ನೇ.

ಇದು ಕಲಬುರಗಿಗೆ ಮುಗಿಯುವ ಮಾತಲ್ಲ. ಗಡಿಯಾಚೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರು, ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ಗುತ್ತಿಗೆದಾರ ಮುಕಾದಮ ದಂಡ ಹಾಕುತ್ತಾನೆಂದು ಗರ್ಭಕೋಶವನ್ನೇ ತೆಗೆಸಿಕೊಂಡ ಸುದ್ದಿ 2019ರಲ್ಲಿ ಬಂತು. ಬಿಹಾರ, ರಾಜಸ್ಥಾನ, ಛತ್ತೀಸಗಡದ ಇಂಥದೇ ಪ್ರಕರಣಗಳು 2013ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದವು. 2023ರ ಏಪ್ರಿಲ್‌ನಲ್ಲಿ ತೀರ್ಪು ಬಂತು: ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು. ಆ ಮಾರ್ಗಸೂಚಿಯ ಸಾರವನ್ನು ಎರಡು ಪುಟದ ಕನ್ನಡದಲ್ಲಿ ಬರೆದು ಪ್ರತಿ ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ಕಿನ ಹಿಂದೆ ಅಂಟಿಸಲು ಎಷ್ಟು ದುಡ್ಡು ಬೇಕಿತ್ತು?

ದೆಹಲಿಯ ಇನ್ನೊಬ್ಬ ಹೆಣ್ಣುಮಗಳ ಪ್ರಕರಣವನ್ನೂ ಎಲ್ಲ ಹೆಂಗಸರೂ ಓದಬೇಕು. ಅವಳು ಓದಿದವಳು, ನಗರದವಳು, ವಯಸ್ಸು ನಲವತ್ತನಾಲ್ಕು. ಒಳಗೇನಿದೆ ಎಂದು ನೋಡುವ ಲ್ಯಾಪರೋಸ್ಕೋಪಿ ಪರೀಕ್ಷೆಗೆಂದು ಮಲಗಿದಳು. ಎಚ್ಚರವಾಗುವಷ್ಟರಲ್ಲಿ ಗರ್ಭಕೋಶವೂ ಇಲ್ಲ, ಅಂಡಾಶಯವೂ ಇಲ್ಲ. ಅವಳು ಪ್ರಜ್ಞೆ ತಪ್ಪಿ ಮಲಗಿದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಈ ಒಪ್ಪಿಗೆ ಒಪ್ಪಿಗೆಯಲ್ಲ. ಎಚ್ಚರಗೊಂಡು ತಾನೇ ನಿರ್ಧರಿಸಬಲ್ಲ ವಯಸ್ಕಳ ಪರವಾಗಿ ಇನ್ನೊಬ್ಬರು, ಹೆತ್ತ ತಾಯಿಯೇ ಆಗಲಿ, ಸಹಿ ಹಾಕುವಂತಿಲ್ಲ. ಪರಿಹಾರವಾಗಿ ಅವಳಿಗೆ ಸಿಕ್ಕಿದ್ದು 25,000 ರೂಪಾಯಿ. ಆ ಮೊತ್ತ ನೆನೆದರೆ ನನ್ನ ಕೈ ಈಗಲೂ ನಡುಗುತ್ತದೆ. ಆದರೂ ಆ ತೀರ್ಪು ನಮ್ಮದು. ವೈದ್ಯರು ಏನು ಮಾಡಲಿದ್ದಾರೆ, ಏಕೆ ಮಾಡಲಿದ್ದಾರೆ, ಬೇರೆ ದಾರಿ ಏನಿದೆ, ಮಾಡಿಸದಿದ್ದರೆ ಏನಾಗುತ್ತದೆ ಎಂದು ಮೊದಲೇ ಹೇಳಲೇಬೇಕು ಎಂಬ ಮಾತು ಅದರಲ್ಲಿದೆ.

ಹಾಗೆಯೇ ಗರ್ಭಪಾತದ ಕಾಯ್ದೆ. 1971ರಿಂದಲೂ ಹದಿನೆಂಟು ದಾಟಿದ ಹೆಣ್ಣಿನ ಗರ್ಭಪಾತಕ್ಕೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೂ "ಗಂಡನ್ನ ಕರ್ಕೊಂಡು ಬಾ" ಎಂದು ವಾಪಸು ಕಳಿಸುವ ಕೌಂಟರುಗಳು ಊರೂರಲ್ಲಿವೆ. ಆ ಹೆಂಗಸು ಎಲ್ಲಿಗೆ ಹೋಗುತ್ತಾಳೆ? ಔಷಧ ಅಂಗಡಿಯವನ ಹತ್ತಿರ, ಇಲ್ಲವೇ ಕಡ್ಡಿ ಹಾಕುವವಳ ಹತ್ತಿರ. ಮದುವೆಯಾಗದವಳಿಗೂ 24 ವಾರದವರೆಗಿನ ಅವಕಾಶ ನಿರಾಕರಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಎಷ್ಟು ಕಾಲೇಜು ಹಾಸ್ಟೆಲುಗಳ ಹುಡುಗಿಯರ ಕಿವಿಗೆ ಬಿದ್ದಿದೆ? ಹೆಣ್ಣಿನ ಆರೋಗ್ಯದ ಪುಸ್ತಕದಲ್ಲಿ ಕಾನೂನಿನ ಅಧ್ಯಾಯ ಇಲ್ಲದಿದ್ದರೆ ಅದು ಅರ್ಧ ಪುಸ್ತಕ.

ಮಕ್ಕಳು ಸಾಕು ಎಂದಾದಾಗ ಕತ್ತರಿ ಬೀಳುವುದೂ ಇವಳ ಮೇಲೇ. ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಗಂಡಸಿನ ಆಪರೇಷನ್ ಇದಕ್ಕಿಂತ ಸುಲಭ, ಹೊಟ್ಟೆ ಕೊಯ್ಯಬೇಕಿಲ್ಲ, ಅವನ ಶಕ್ತಿಯೂ ಕುಂದುವುದಿಲ್ಲ. ಇದನ್ನು ಗಂಡಸರಿಗೆ ಹೇಳುವ ಧೈರ್ಯ ಯಾವ ಇಲಾಖೆಗೂ ಇಲ್ಲ. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿ ಒಬ್ಬನೇ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರ ಹೊಟ್ಟೆಗೆ ಕೈಹಾಕಿದ. ಅದಾದ ಮೇಲೆ ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಗುರಿ ಮುಟ್ಟುವ ಲೆಕ್ಕಕ್ಕೆ ಸತ್ತವರು ಅವರು. ಇಂಥ ಶಿಬಿರಗಳನ್ನು ನಿಲ್ಲಿಸಿ ಎಂದು ಹೇಳಲು ಸುಪ್ರೀಂ ಕೋರ್ಟೇ ಬೇಕಾಯಿತು, 2016ರಲ್ಲಿ.

ಹಾಗಾದರೆ ಏನು ಓದಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದೆ.

ಮೊದಲು ರಾಜಸ್ಥಾನಕ್ಕೆ ಹೋಗೋಣ. ಎಂಬತ್ತರ ದಶಕದಲ್ಲಿ ಅಲ್ಲಿನ ಮಹಿಳಾ ವಿಕಾಸ ಕಾರ್ಯಕ್ರಮದ ಹಳ್ಳಿ ಹೆಂಗಸರು ಕೂತು, ತಮ್ಮ ದೇಹದ ಬಗ್ಗೆ ತಾವೇ ಒಂದು ಪುಸ್ತಕ ಮಾಡಿದರು. ಹೆಸರು 'ಶರೀರ್ ಕೀ ಜಾನ್ಕಾರೀ'. ದೆಹಲಿಯ ಕಾಳಿ ಫಾರ್ ವಿಮೆನ್ ಪ್ರಕಾಶನ ಅದನ್ನು ಅಚ್ಚು ಹಾಕಿತು. ಬರೆದವರು ಎಪ್ಪತ್ತೈದು ಜನ, ಅಕ್ಷರ ಆಗತಾನೆ ಕಲಿತವರು, ಕಲಿಯದವರು. ಮೊದಲ ಕರಡಿನಲ್ಲಿ ಬೆತ್ತಲೆ ಹೆಣ್ಣಿನ ಚಿತ್ರ ಬರೆದು ಹಳ್ಳಿಗಳಲ್ಲಿ ತೋರಿಸಿದಾಗ ಅಲ್ಲಿಯ ಹೆಂಗಸರು ಆಕ್ಷೇಪಿಸಿದರು: ನಮ್ಮೂರಲ್ಲಿ ಬೆತ್ತಲೆ ಹೆಂಗಸನ್ನು ಯಾರು ಯಾವಾಗ ಕಂಡಿದ್ದಾರೆ, ಈ ಚಿತ್ರ ಸುಳ್ಳು. ಆಗ ಆ ಲೇಖಕಿಯರು ಹೂಡಿದ ಉಪಾಯ ನೋಡಿ. ಪುಟದ ಮೇಲೆ ಘಾಗ್ರಾ ಉಟ್ಟು ಓಢಣಿ ಹೊದ್ದು ನಿಂತ ಹೆಂಗಸು. ಘಾಗ್ರಾ ಒಂದು ಕಾಗದದ ಪರದೆ. ಅದನ್ನು ಎತ್ತಿದರೆ ಒಳಗೆ ಇರಬೇಕಾದದ್ದೆಲ್ಲ ಇರಬೇಕಾದಲ್ಲೇ ಇದೆ. ಮುಚ್ಚಿದರೆ ಅತ್ತೆಯ ಮುಂದೂ ಇಡಬಹುದಾದ ಪುಸ್ತಕ, ತೆರೆದರೆ ಯಾವುದನ್ನೂ ಬಚ್ಚಿಡದ ಪುಸ್ತಕ. ಬರೆದವರು ಪ್ರಕಾಶಕರಿಗೆ ಷರತ್ತು ಹಾಕಿದರು, ಹಳ್ಳಿ ಹೆಂಗಸರಿಗೆ ಅಸಲಿಗಿಂತ ಹೆಚ್ಚು ಬೆಲೆಗೆ ಮಾರಕೂಡದು. ಪರಿಣತರ ಸಮಿತಿಗಳು ಹತ್ತು ಸಭೆ ಮಾಡಿದರೂ ಆ ಘಾಗ್ರಾದ ಯೋಚನೆ ಹೊಳೆಯುತ್ತಿರಲಿಲ್ಲ. ಹೊಳೆಯಬೇಕಾದರೆ ಘಾಗ್ರಾ ಉಟ್ಟಿರಬೇಕು.

ಅದಕ್ಕೂ ಮೊದಲು, 1969ರಲ್ಲಿ, ಅಮೆರಿಕದ ಬೋಸ್ಟನ್ನಿನಲ್ಲಿ ಕೆಲವು ಹೆಂಗಸರು ಸೇರಿ ಹೆಣ್ಣಿನ ಮಾತು ಕೇಳುವ ಒಳ್ಳೆಯ ವೈದ್ಯರ ಪಟ್ಟಿ ಮಾಡಲು ಹೊರಟರು. ಪಟ್ಟಿ ಮಾಡಲಾಗಲಿಲ್ಲ. ಹಾಗಾದರೆ ನಾವೇ ಓದೋಣ ಎಂದು ವೈದ್ಯಕೀಯ ಗ್ರಂಥಗಳನ್ನು ಬಿಡಿಸಿ ಕೂತರು. ಒಬ್ಬೊಬ್ಬರು ಒಂದೊಂದು ವಿಷಯ ಓದಿ ಬಂದು ಉಳಿದವರಿಗೆ ಹೇಳಿದರು, ತಮ್ಮ ಹೆರಿಗೆ, ಗರ್ಭಪಾತ, ಮುಟ್ಟುಗಳ ಅನುಭವವನ್ನೂ ಸೇರಿಸಿದರು. 1970ರಲ್ಲಿ ಅಗ್ಗದ ಕಾಗದದಲ್ಲಿ 193 ಪುಟದ ಪುಸ್ತಿಕೆಯಾಯಿತು, ಬೆಲೆ 75 ಸೆಂಟ್. ಜಾಹೀರಾತಿಲ್ಲದೆ ಕೈಯಿಂದ ಕೈಗೆ ಲಕ್ಷಗಟ್ಟಲೆ ಹೋಯಿತು. ಅದೇ 'ಅವರ್ ಬಾಡೀಸ್, ಅವರ್‌ಸೆಲ್ವ್ಸ್'. 1973ರಲ್ಲಿ ದೊಡ್ಡ ಪ್ರಕಾಶನ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು, ಮುಂದೆ ಹತ್ತಾರು ಭಾಷೆಗಳಿಗೆ ಹೋಯಿತು. ಪಕ್ಕದ ತೆಲುಗಿನಲ್ಲಿ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯವರು 1991ರಲ್ಲಿ 'ಸವಾಲಕ್ಷ ಸಂದೇಹಾಲು' ತಂದರು. ಹೆಸರಲ್ಲೇ ಹೆಂಗಸರ ಒಂದೂಕಾಲು ಲಕ್ಷ ಅನುಮಾನಗಳಿಗೆ ಮಾನ್ಯತೆ ಕೊಟ್ಟ ಪುಸ್ತಕ. 1997ರ 'ವೇರ್ ವಿಮೆನ್ ಹ್ಯಾವ್ ನೋ ಡಾಕ್ಟರ್' ಇನ್ನೂ ಕಸುವಿನದು. ಅನೇಕ ಬಡ ದೇಶಗಳ ಹೆಂಗಸರ ಗುಂಪುಗಳು ಓದಿ ತಿದ್ದಿದ ಮೇಲೆ ಅಚ್ಚಾದದ್ದು. ವೈದ್ಯರು ಸಿಗದ ಊರಿನಲ್ಲಿ ಹೆರಿಗೆ, ಸೋಂಕು, ರಕ್ತಸ್ರಾವ, ಗಂಡನ ಹೊಡೆತ ಇವನ್ನೆಲ್ಲ ಒಂದೇ ಪುಸ್ತಕದಲ್ಲಿ ಇಟ್ಟದ್ದು. ಹೌದು, ಗಂಡನ ಹೊಡೆತ ಕೂಡ ಆರೋಗ್ಯದ ಅಧ್ಯಾಯವೇ. ಮುರಿದ ದವಡೆ ಯಾವ ಯೋಗಾಸನದಿಂದಲೂ ಕೂಡುವುದಿಲ್ಲ.

ಕನ್ನಡದಲ್ಲಿ ಈ ದಾರಿ ಕಡಿದವರು ಡಾ. ಅನುಪಮಾ ನಿರಂಜನ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ಧಾರವಾಡ, ಬೆಂಗಳೂರುಗಳಲ್ಲಿ ವೈದ್ಯೆಯಾಗಿ ದುಡಿದು, ಕಾದಂಬರಿಗಳ ನಡುವೆ 'ತಾಯಿ-ಮಗು', 'ಕೇಳು ಕಿಶೋರಿ', 'ದಾಂಪತ್ಯ ದೀಪಿಕೆ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಬರೆದರು. ಮುಟ್ಟು ಎಂಬ ಮಾತನ್ನು ಮನೆಯೊಳಗೆ ಪಿಸುಗುಟ್ಟುತ್ತಿದ್ದ ಕಾಲದಲ್ಲಿ ಅದನ್ನು ಹಗಲು ಬೆಳಕಿನಲ್ಲಿ ಅಚ್ಚು ಹಾಕಿಸಿದರು. ನಮ್ಮ ತಾಯಂದಿರ ತಲೆಮಾರಿನ ಎಷ್ಟೋ ಹೆಂಗಸರು ತಮ್ಮ ಮೈಯೊಳಗೆ ಏನಿದೆ ಎಂದು ಮೊದಲು ತಿಳಿದದ್ದು ಆ ಪುಸ್ತಕಗಳಿಂದ, ಮದುವೆಯ ಉಡುಗೊರೆಯಾಗಿ ಬಂದ ಪ್ರತಿಗಳಿಂದ. 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಐವತ್ತಾರು. ಅವರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಆ ಪುಸ್ತಕಗಳು ಅವರ ಕಾಲದವು. ಔಷಧಗಳು ಬದಲಾಗಿವೆ, ಪರೀಕ್ಷೆಗಳು ಬದಲಾಗಿವೆ, ಕಾನೂನು ಬದಲಾಗಿದೆ. ಅವರು ನಿಂತಲ್ಲಿಂದ ಮುಂದಕ್ಕೆ ಹೆಜ್ಜೆ ಇಡಬೇಕಾದ ಹೊಣೆ ಈ ನಾಡಿನ ವಿಶ್ವವಿದ್ಯಾಲಯಗಳದು, ಅಕಾಡೆಮಿಗಳದು, ಪ್ರಾಧಿಕಾರಗಳದು. ಕನ್ನಡವನ್ನು ಉಳಿಸುತ್ತೇವೆ ಎಂದು ಮೈಕಿನ ಮುಂದೆ ಕೂಗುವವರೇ, ಕನ್ನಡತಿಯ ಗರ್ಭಕೋಶದ ಬಗ್ಗೆ ಕನ್ನಡದಲ್ಲಿ ಒಂದು ಒಪ್ಪಿಗೆ ಪತ್ರ ಕೊಡಿಸಿ ನೋಡೋಣ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ, ಕೆಳಗೆ ಹೆಬ್ಬೆಟ್ಟು ನಮ್ಮದು.

ಶಾಲೆಗಳ ಮಾತು ಬೇಡವೆಂದರೂ ಬರುತ್ತದೆ. 2007ರಲ್ಲಿ ಹದಿಹರೆಯದ ಶಿಕ್ಷಣದ ಕಾರ್ಯಕ್ರಮವನ್ನು ಸಂಸ್ಕೃತಿಯ ಹೆಸರಿನಲ್ಲಿ ನಿಲ್ಲಿಸಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ "ಮನೇಲಿ ಓದ್ಕೊಳ್ಳಿ" ಎಂದು ಪುಟ ಮಗುಚುವ ಮೇಷ್ಟ್ರುಗಳು ಇಂದಿಗೂ ಇದ್ದಾರೆ. ಮನೆಯಲ್ಲಿ ಯಾರು ಹೇಳಿಕೊಡಬೇಕು? ಅದೇ ಪಾಠ ಮಗುಚಿಸಿಕೊಂಡ ತಾಯಿಯೇ? 2023ರ ಜುಲೈನಲ್ಲಿ ತುಮಕೂರಿನ ಹತ್ತಿರದ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟರು. ಮಳೆ, ಚಳಿ. ಕೂಸು ಸತ್ತಿತು. ಆ ಸಮುದಾಯದತ್ತ ಬೆರಳು ತೋರಿಸಿ ಕೈತೊಳೆದುಕೊಳ್ಳಬೇಡಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮೂರು ದಿನ ಬೇರೆ ಚಾಪೆ, ಬೇರೆ ಲೋಟ ಇಡುವ ಮನೆಗಳನ್ನು ನಾನು ಬಲ್ಲೆ. ಮುಟ್ಟಿನ ರಕ್ತ ಗರ್ಭಕೋಶದ ಒಳಪದರ, ಮಗು ಬರಬಹುದೆಂದು ಹಾಸಿದ್ದ ಹಾಸಿಗೆ, ಅದರಲ್ಲಿ ಕೊಳಕು ಏನೂ ಇಲ್ಲ. ಈ ಒಂದು ವಾಕ್ಯವನ್ನು ಹುಡುಗಿಗಷ್ಟೇ ಅಲ್ಲ, ಪಕ್ಕದ ಬೆಂಚಿನ ಹುಡುಗನಿಗೂ, ಪೂಜಾರಪ್ಪನಿಗೂ ಓದಿಸಬೇಕು.

ಓದಿದರೆ ಎಲ್ಲ ಸರಿಹೋಗುತ್ತದೆ ಎನ್ನುವಷ್ಟು ಮುಗ್ಧಳು ನಾನಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಸರ್ಕಾರವೇ ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನಪಟ್ಟು ಅದರ ಬಳಕೆ ನಿಲ್ಲಿಸಿತು. ಆ ತಾಯಂದಿರು ಜಗತ್ತಿನ ಎಲ್ಲ ಆರೋಗ್ಯ ಪುಸ್ತಕ ಓದಿದ್ದರೂ ಆ ಬಾಟಲಿಯೊಳಗೆ ಏನಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಆಸ್ಪತ್ರೆಗೇ ಬನ್ನಿ ಎಂದು ಸರ್ಕಾರ ಕರೆಯಿತು, ಅವರು ಬಂದಿದ್ದರು. ತಾಯಿ ಕಾರ್ಡು ತುಂಬಿಸಿದ್ದರು, ಚುಚ್ಚುಮದ್ದು ಹಾಕಿಸಿಕೊಂಡಿದ್ದರು, ಹೇಳಿದ್ದನ್ನೆಲ್ಲ ಮಾಡಿದ್ದರು. ಹೆಣ್ಣೇ ಜಾಗರೂಕಳಾಗಿರಬೇಕು ಎಂದು ಬರೆಯುವ ಪ್ರತಿ ಲೇಖಕನೂ ಆ ಸಾವುಗಳಿಗೆ ಉತ್ತರ ಹೇಳಲಿ. ಹೆಣ್ಣಿನ ಪುಸ್ತಕದಲ್ಲಿ ಔಷಧ ಖರೀದಿಯ ಟೆಂಡರಿನ ಬಗ್ಗೆಯೂ ಇರಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಖಾಲಿ ಬಿದ್ದಿವೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವ ಅರ್ಜಿಯ ನಮೂನೆಯೂ ಇರಬೇಕು ಎನ್ನುವುದು ಇದಕ್ಕೇ.

ಇನ್ನು ಒಂದು ಅನ್ಯಾಯ. ಗರ್ಭಕೊರಳಿನ ಕ್ಯಾನ್ಸರನ್ನು ವರ್ಷಗಟ್ಟಲೆ ಮೊದಲೇ ಗುರುತಿಸಬಹುದು. ನರ್ಸಮ್ಮ ದುರ್ಬಲ ಅಸಿಟಿಕ್ ಆಮ್ಲ, ಅಂದರೆ ಅಡುಗೆಯ ವಿನೆಗರಿನಲ್ಲಿರುವುದನ್ನೇ, ಹತ್ತಿಯಲ್ಲಿ ಅದ್ದಿ ಸವರುತ್ತಾಳೆ. ಒಂದು ನಿಮಿಷ ಬಿಟ್ಟು ನೋಡಿದರೆ ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಯಂತ್ರ ಬೇಡ, ಲ್ಯಾಬ್ ಬೇಡ. ಮೂವತ್ತರಿಂದ ಅರವತ್ತೈದರ ಹೆಂಗಸರಿಗೆಲ್ಲ ಐದು ವರ್ಷಕ್ಕೊಮ್ಮೆ ಮಾಡಿ ಎಂದು ಕೇಂದ್ರದ ಆರೋಗ್ಯ ಸಚಿವಾಲಯವೇ 2016ರಲ್ಲಿ ಬರೆದಿದೆ. 2019-21ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ಕೊಯ್ಯಲು ಊರು ತುಂಬ ಆಸ್ಪತ್ರೆ, ಕ್ಯಾನ್ಸರನ್ನು ಹುಡುಕುವ ಹತ್ತಿಗೆ ಮಾತ್ರ ಬರ!

ಅದಕ್ಕಾಗಿ ಕೇಳುತ್ತಿದ್ದೇನೆ. ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದೀರಿ. ಅಲ್ಲಿ ಹೆಂಗಸರು ಬಂದು ಕೂರಲು ಕೂಲಿಯಿಂದ ಮರಳಿದ ಹೊತ್ತಿನಲ್ಲಿ ಬಾಗಿಲು ತೆರೆಯಿರಿ. ಹೆಣ್ಣಿನ ದೇಹದ ಪುಸ್ತಕವನ್ನು ಬರೆಯಲು ಬೆಂಗಳೂರಿನ ಸಮಿತಿಯನ್ನು ನೇಮಿಸಬೇಡಿ. ಆಳಂದದ ತಾಂಡಾದ ಹೆಂಗಸರನ್ನು, ಪೀಣ್ಯದ ಗಾರ್ಮೆಂಟ್ಸ್ ಹೆಂಗಸರನ್ನು, ಮಲೆನಾಡಿನ ತೋಟದ ಕೂಲಿಗಳನ್ನು, ಆಶಾ ಕಾರ್ಯಕರ್ತೆಯರನ್ನು, ಹೆರಿಗೆ ಮಾಡಿಸಿ ಕೈ ಪಳಗಿದ ಸೂಲಗಿತ್ತಿಯರನ್ನು ಕೂರಿಸಿ, ಅವರ ದಿನಗೂಲಿ ಕೊಟ್ಟು. ಪಕ್ಕದಲ್ಲಿ ವೈದ್ಯೆಯರು ಕೂರಲಿ, ಕೇಳಿದ್ದಕ್ಕೆ ಉತ್ತರ ಹೇಳಲು. ಕಲಬುರಗಿಯ ಪ್ರತಿ ಕಲಬುರಗಿಯ ಮಾತಿನಲ್ಲಿರಲಿ, ಕರಾವಳಿಯದು ಕರಾವಳಿಯ ಮಾತಿನಲ್ಲಿ. ಓದಲು ಬಾರದವರಿಗಾಗಿ ಸಂಘದ ಉಳಿತಾಯದ ದಿನ ಒಬ್ಬಳು ಗಟ್ಟಿಯಾಗಿ ಓದಲಿ. ಗರ್ಭಕೋಶದ ಆಪರೇಷನ್ನಿಗೆ ಮೊದಲು ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳು ರಟ್ಟಿನ ಮೇಲೇ ಇರಲಿ, ಹರಿದು ಕೈಯಲ್ಲಿ ಹಿಡಿದು ಹೋಗುವಂತೆ: ನನಗೆ ಬಂದಿರುವ ಕಾಯಿಲೆ ಯಾವುದು, ಕನ್ನಡದಲ್ಲಿ ಹೇಳಿ. ಪರೀಕ್ಷೆಯ ಕಾಗದ ನನ್ನ ಕೈಗೆ ಕೊಡಿ. ಮಾತ್ರೆಯಲ್ಲಿ ವಾಸಿಯಾಗುವುದಿಲ್ಲವೇ? ಅಂಡಾಶಯ ಉಳಿಸುತ್ತೀರಾ? ಇನ್ನೊಬ್ಬ ಡಾಕ್ಟರನ್ನು ಕೇಳಿ ಬರುವವರೆಗೆ ಕಾಯುತ್ತೀರಾ? ಈ ಕೊನೆಯ ಪ್ರಶ್ನೆಗೆ ಸಿಡುಕಿದ ಆಸ್ಪತ್ರೆಯಿಂದ ಎದ್ದು ಬಾ, ಎಮ್ಮೆ ಮಾರಬೇಡ ಎಂದು ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.